ಕ್ಯಾಮೆರಾ ತಿರುಗಿದಾಗ ಮಾಯವಾಗುವ ಮಾದರಿಗಳು: ಕಾರಣ ಮತ್ತು ಪರಿಹಾರ

ಸಮಸ್ಯೆಯ ಸ್ವರೂಪ

ಗಣಕ ಆಟಗಳಿಗೆ ಆಟಗಾರರೂ ಹವ್ಯಾಸಿ ವಿನ್ಯಾಸಕರೂ ತಾವೇ ರೂಪಿಸಿ ಸೇರಿಸುವ ಪಾತ್ರ, ಪ್ರಾಣಿ, ವಾಹನ ಮತ್ತು ಕಟ್ಟಡಗಳ ಮೂರು ಆಯಾಮದ ಆಕೃತಿಗಳನ್ನು ಕಸ್ಟಮ್ ಮಾದರಿಗಳು ಎನ್ನುತ್ತಾರೆ. ಬ್ಲೆಂಡರ್ ಅಥವಾ ಬ್ಲಾಕ್‌ಬೆಂಚ್‌ನಂತಹ ತಂತ್ರಾಂಶದಲ್ಲಿ ಸಿದ್ಧವಾದ ಮಾದರಿಯನ್ನು ಆಟದೊಳಗೆ ತಂದಾಗ ಒಂದು ದೋಷ ಪದೇ ಪದೇ ಎದುರಾಗುತ್ತದೆ. ನೇರವಾಗಿ ನೋಡಿದಾಗ ಮಾದರಿ ಸರಿಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ತುಸು ಪಕ್ಕಕ್ಕೆ ತಿರುಗಿಸಿದೊಡನೆ, ಅದರ ಅರ್ಧ ಭಾಗವಾದರೂ ಪರದೆಯ ಮೇಲೆ ಉಳಿಯಬೇಕಾಗಿದ್ದರೂ, ಇಡೀ ಮಾದರಿ ಒಮ್ಮೆಲೇ ಮಾಯವಾಗುತ್ತದೆ. ಕ್ಯಾಮೆರಾವನ್ನು ಮೊದಲಿನ ದಿಕ್ಕಿಗೆ ತಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇದನ್ನು ಕಂಡವರು ಮೊದಲು ಮಾದರಿಯ ಆಕಾರವನ್ನೋ ಬಣ್ಣವನ್ನೋ ಶಂಕಿಸುತ್ತಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಅಲ್ಲಿ ಅಲ್ಲ. ಮಾದರಿ ಎಷ್ಟು ಜಾಗವನ್ನು ಆಕ್ರಮಿಸುತ್ತದೆ ಎಂಬ ಬಗ್ಗೆ ಆಟದ ಎಂಜಿನ್‌ಗೆ ದೊರೆತಿರುವ ಮಾಹಿತಿ ತಪ್ಪಾಗಿರುತ್ತದೆ. ಆ ಮಾಹಿತಿಯನ್ನು ಸರಿಪಡಿಸಿದರೆ ಮಾದರಿಯ ಒಂದು ರೇಖೆಯನ್ನೂ ಬದಲಿಸದೆ ದೋಷ ನಿವಾರಣೆಯಾಗುತ್ತದೆ. ಇದು ಹೇಗೆಂದು ತಿಳಿಯಲು ಎಂಜಿನ್ ಒಂದು ದೃಶ್ಯವನ್ನು ಚಿತ್ರಿಸುವ ಕ್ರಮವನ್ನು ಅರಿಯಬೇಕು.

ಎಂಜಿನ್ ವಸ್ತುಗಳನ್ನು ಕೈಬಿಡುವುದೇಕೆ

ಆಟವೊಂದು ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಆಟದ ಜಗತ್ತಿನಲ್ಲಿ ಸಾವಿರಾರು ವಸ್ತುಗಳೂ ಲಕ್ಷಾಂತರ ತ್ರಿಭುಜಗಳೂ ಇರುತ್ತವೆ. ಆಟಗಾರನ ಬೆನ್ನ ಹಿಂದಿರುವ ಬೆಟ್ಟವನ್ನೂ ಪರದೆಯ ಆಚೆಗಿರುವ ಕಾಡನ್ನೂ ಪ್ರತಿ ಚಿತ್ರದಲ್ಲಿ ಸಂಸ್ಕರಿಸುತ್ತ ಹೋದರೆ ಈ ಸಮಯ ಸಾಲದು. ಆದ್ದರಿಂದ ಕಾಣಿಸದ ವಸ್ತುಗಳನ್ನು ಎಂಜಿನ್ ಮೊದಲೇ ಗುರುತಿಸಿ ಚಿತ್ರಣದಿಂದ ಕೈಬಿಡುತ್ತದೆ. ಈ ಕ್ರಿಯೆಗೆ ಕಲ್ಲಿಂಗ್ ಎಂದು ಹೆಸರು.

ಈ ವಿಚಾರಕ್ಕೆ ಗಣಕ ಚಿತ್ರಕಲೆಯಲ್ಲಿ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಜೇಮ್ಸ್ ಕ್ಲಾರ್ಕ್ 1976ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ವಸ್ತುಗಳನ್ನು ಶ್ರೇಣಿಬದ್ಧವಾಗಿ ಜೋಡಿಸಿ, ಒಂದು ಗುಂಪು ಪೂರ್ತಿಯಾಗಿ ನೋಟದ ಆಚೆಗಿದ್ದರೆ ಅದರೊಳಗಿನ ಒಂದೊಂದನ್ನೂ ಪರೀಕ್ಷಿಸದೆ ಒಟ್ಟಾಗಿ ಬಿಡಬಹುದೆಂದು ತೋರಿಸಿದರು. ಮುಂದೆ ಅವರೇ ಗ್ರಾಫಿಕ್ಸ್ ಯಂತ್ರಗಳಿಗೆ ಹೆಸರಾದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಇಂದಿನ ಆಟದ ಎಂಜಿನ್‌ಗಳಲ್ಲಿ ಆ ತತ್ತ್ವ ಒಂದಲ್ಲ ಒಂದು ರೂಪದಲ್ಲಿ ಬಳಕೆಯಲ್ಲಿದೆ.

ದೃಷ್ಟಿ ಭಿನ್ನಕ

ಕ್ಯಾಮೆರಾಕ್ಕೆ ಕಾಣುವ ಪ್ರದೇಶ ಪಿರಮಿಡ್ಡಿನ ಆಕಾರದಲ್ಲಿರುತ್ತದೆ. ಪಿರಮಿಡ್ಡಿನ ತುದಿ ಕ್ಯಾಮೆರಾದಲ್ಲಿದ್ದು, ದೂರ ಹೋದಂತೆ ಅದು ಅಗಲವಾಗುತ್ತದೆ. ತುದಿಯ ಬಳಿ ಮತ್ತು ಬುಡದ ಬಳಿ ತಲಾ ಒಂದು ಸಮತಲದಿಂದ ಅದನ್ನು ಕತ್ತರಿಸಿದರೆ ಉಳಿಯುವ ಘನಾಕೃತಿಯೇ ದೃಷ್ಟಿ ಭಿನ್ನಕ. ಪ್ರೌಢಶಾಲೆಯ ಗಣಿತದಲ್ಲಿ ಶಂಕುವಿನ ಭಿನ್ನಕಕ್ಕೆ ಬಕೆಟ್ಟನ್ನು ಉದಾಹರಣೆಯಾಗಿ ಕೊಡುವುದುಂಟು. ದೃಷ್ಟಿ ಭಿನ್ನಕವೂ ಅದೇ ಬಗೆಯದು, ಆದರೆ ಇದರ ಎರಡು ತುದಿಗಳು ವೃತ್ತವಲ್ಲ, ಆಯತ. ಆಟದ ತಂತ್ರಜ್ಞರು ಇದನ್ನು ಫ್ರಸ್ಟಮ್ ಎಂದೇ ಕರೆಯುತ್ತಾರೆ.

ಈ ಆಕೃತಿಗೆ ಆರು ಮುಖಗಳಿವೆ: ಎಡ, ಬಲ, ಮೇಲೆ, ಕೆಳಗೆ, ಹತ್ತಿರ ಮತ್ತು ದೂರ. ಒಂದು ಬಿಂದು ಈ ಆರೂ ಸಮತಲಗಳ ಒಳಬದಿಯಲ್ಲಿದ್ದರೆ ಮಾತ್ರ ಅದು ಪರದೆಯ ಮೇಲೆ ಕಾಣಲು ಸಾಧ್ಯ. ಕ್ಯಾಮೆರಾ ತಿರುಗಿದಾಗ ಭಿನ್ನಕವೂ ತಿರುಗುವುದರಿಂದ ಎಂಜಿನ್ ಆರು ಸಮತಲಗಳನ್ನು ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕುತ್ತದೆ. ಕ್ಯಾಮೆರಾದ ಮಾತೃಕೆಯ ಅಡ್ಡಸಾಲುಗಳನ್ನು ಕೂಡಿ ಕಳೆದು ಈ ಸಮತಲಗಳನ್ನು ನೇರವಾಗಿ ಪಡೆಯುವ ಸರಳ ವಿಧಾನವನ್ನು ಗಿಲ್ ಗ್ರಿಬ್ ಮತ್ತು ಕ್ಲೌಸ್ ಹಾರ್ಟ್‌ಮನ್ 2001ರಲ್ಲಿ ವಿವರಿಸಿದರು. ಅದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ.

ಆವರಣ ಪೆಟ್ಟಿಗೆ

ಒಂದು ಮಾದರಿಯಲ್ಲಿ ಹತ್ತಾರು ಸಾವಿರ ಶೃಂಗಗಳಿರಬಹುದು. ಪ್ರತಿಯೊಂದನ್ನೂ ಆರು ಸಮತಲಗಳ ಎದುರು ಪರೀಕ್ಷಿಸುವುದಾದರೆ ಕಲ್ಲಿಂಗ್‌ನಿಂದ ಉಳಿಯುವ ಸಮಯಕ್ಕಿಂತ ತಗಲುವ ಸಮಯವೇ ಹೆಚ್ಚಾಗುತ್ತದೆ. ಆದ್ದರಿಂದ ಇಡೀ ಮಾದರಿಯನ್ನು ಒಳಗೊಳ್ಳುವ ಒಂದು ಸರಳ ಪೆಟ್ಟಿಗೆಯನ್ನು ಎಂಜಿನ್ ಕಲ್ಪಿಸಿಕೊಂಡು ಅದನ್ನಷ್ಟೇ ಪರೀಕ್ಷಿಸುತ್ತದೆ. ಇದೇ ಆವರಣ ಪೆಟ್ಟಿಗೆ, ಅಂದರೆ ಬೌಂಡಿಂಗ್ ಬಾಕ್ಸ್. ಕೆಲವು ಎಂಜಿನ್‌ಗಳು ಪೆಟ್ಟಿಗೆಯ ಬದಲು ಗೋಳವನ್ನು ಬಳಸುತ್ತವೆ. ಈ ಪೆಟ್ಟಿಗೆ ಪರದೆಯ ಮೇಲೆ ಕಾಣುವುದಿಲ್ಲ. ಅದರ ಕೇಂದ್ರ ಮತ್ತು ಮೂರು ದಿಕ್ಕುಗಳ ಅರ್ಧ ಅಳತೆಗಳು ಸಂಖ್ಯೆಗಳಾಗಿ ಮಾತ್ರ ದಾಖಲಾಗಿರುತ್ತವೆ.

ಪರೀಕ್ಷೆಯ ವಿಧಾನ ಸರಳ. ಒಂದು ಸಮತಲದಿಂದ ಪೆಟ್ಟಿಗೆಯ ಕೇಂದ್ರಕ್ಕಿರುವ ದೂರವನ್ನು ಚಿಹ್ನೆಯ ಸಮೇತ ಲೆಕ್ಕ ಹಾಕಲಾಗುತ್ತದೆ. ಒಳಬದಿಯಲ್ಲಿದ್ದರೆ ದೂರ ಧನ, ಹೊರಬದಿಯಲ್ಲಿದ್ದರೆ ಋಣ. ಬಳಿಕ ಆ ಸಮತಲದ ಲಂಬ ದಿಕ್ಕಿನಲ್ಲಿ ಪೆಟ್ಟಿಗೆ ತನ್ನ ಕೇಂದ್ರದಿಂದ ಎಷ್ಟು ಚಾಚಿಕೊಂಡಿದೆ ಎಂಬುದನ್ನು ಕಂಡುಕೊಳ್ಳಲಾಗುತ್ತದೆ. ಕೇಂದ್ರವು ಈ ಚಾಚಿಗಿಂತಲೂ ಹೆಚ್ಚು ದೂರ ಹೊರಗಿದ್ದರೆ ಪೆಟ್ಟಿಗೆಯ ಯಾವ ಮೂಲೆಯೂ ಒಳಗಿರಲು ಸಾಧ್ಯವಿಲ್ಲ. ಆಗ ಮಾದರಿಯನ್ನು ಪೂರ್ತಿಯಾಗಿ ಕೈಬಿಡಲಾಗುತ್ತದೆ. ಆರು ಸಮತಲಗಳಲ್ಲಿ ಒಂದರ ಎದುರು ಹೀಗಾದರೂ ಸಾಕು.

ಈ ಪರೀಕ್ಷೆ ತಪ್ಪಿದರೂ ಒಂದೇ ದಿಕ್ಕಿನಲ್ಲಿ ತಪ್ಪುತ್ತದೆ. ಭಿನ್ನಕದ ಮೂಲೆಯ ಆಚೆಗೆ ಓರೆಯಾಗಿ ನಿಂತ ಪೆಟ್ಟಿಗೆಯನ್ನು ಅದು ಕಾಣುವುದೆಂದು ಭಾವಿಸಿ ಚಿತ್ರಿಸಬಹುದು. ಇದರಿಂದ ಸ್ವಲ್ಪ ಶ್ರಮ ವ್ಯರ್ಥವಾಗುತ್ತದೆಯೇ ಹೊರತು ಚಿತ್ರ ಕೆಡುವುದಿಲ್ಲ. ನಿಜವಾಗಿ ನೋಟದೊಳಗಿರುವ ಪೆಟ್ಟಿಗೆಯನ್ನು ಅದು ಎಂದೂ ಕೈಬಿಡುವುದಿಲ್ಲ. ಹೀಗಿರುವಾಗ, ಕಾಣಬೇಕಾದ ಮಾದರಿ ಪರದೆಯ ಅಂಚಿನ ಬಳಿ ಮಾಯವಾಗುತ್ತಿದೆ ಎಂದರೆ ಮೊದಲು ಶಂಕಿಸಬೇಕಾದದ್ದು ಪೆಟ್ಟಿಗೆಯನ್ನು. ಮಾದರಿಯ ಯಾವುದೋ ಭಾಗ ಅದರ ಹೊರಗೆ ಉಳಿದಿರುತ್ತದೆ.

ಪೆಟ್ಟಿಗೆ ತಪ್ಪಾಗುವ ಬಗೆಗಳು

ಆವರಣ ಪೆಟ್ಟಿಗೆಯ ಅಳತೆ ಮಾದರಿಯ ನಿಜವಾದ ಅಳತೆಯಿಂದ ದೂರ ಸರಿಯಲು ಮುಖ್ಯವಾಗಿ ಐದು ಕಾರಣಗಳಿವೆ.

ಮೊದಲನೆಯದು ಅನಿಮೇಷನ್. ಅನೇಕ ಎಂಜಿನ್‌ಗಳು ಪೆಟ್ಟಿಗೆಯನ್ನು ಮಾದರಿಯ ಮೂಲ ಭಂಗಿಯಿಂದಲೋ ಆಮದಿನ ವೇಳೆ ಇದ್ದ ಚಲನೆಗಳಿಂದಲೋ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತವೆ. ಆಮೇಲೆ ಸೇರಿಸಿದ ಚಲನೆಯಲ್ಲಿ ಪಾತ್ರ ಕೈ ಚಾಚಿದರೆ, ಜಿಗಿದರೆ, ರೆಕ್ಕೆ ಬಿಚ್ಚಿದರೆ ಆ ಭಾಗಗಳು ಹಳೆಯ ಪೆಟ್ಟಿಗೆಯ ಆಚೆ ಹೋಗುತ್ತವೆ. ಮಾದರಿಯನ್ನು ಚಲಿಸುವ ಅಸ್ಥಿಪಂಜರದ ಬೇರು ಮೂಳೆ ನಿಂತಲ್ಲೇ ನಿಂತು, ಸೊಂಟದ ಮೂಳೆ ಮಾತ್ರ ಇಡೀ ದೇಹವನ್ನು ಹಲವು ಮೀಟರ್ ದೂರ ಒಯ್ಯುವಂತೆ ರೂಪಿಸಿದ ಚಲನೆಯಲ್ಲಿ ಪೆಟ್ಟಿಗೆ ಒಂದು ಕಡೆ, ದೇಹ ಇನ್ನೊಂದು ಕಡೆ ಉಳಿಯುವುದೂ ಉಂಟು.

ಎರಡನೆಯದು ಶೇಡರ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಪ್ರೊಸೆಸರ್‌ನಲ್ಲಿ ಓಡುವ ಪ್ರೋಗ್ರಾಂನಲ್ಲಿ, ನಡೆಯುವ ಚಲನೆ. ಗಾಳಿಗೆ ತೂಗುವ ಹುಲ್ಲು, ಅಲೆಯುವ ನೀರು, ಹಾರಾಡುವ ಬಾವುಟಗಳ ಶೃಂಗಗಳನ್ನು ಗ್ರಾಫಿಕ್ಸ್ ಪ್ರೊಸೆಸರ್ ಕೊನೆಯ ಹಂತದಲ್ಲಿ ಸರಿಸುತ್ತದೆ. ಕಲ್ಲಿಂಗ್ ಅದಕ್ಕೂ ಮೊದಲೇ ನಡೆದಿರುವುದರಿಂದ ಈ ಸರಿದಾಟ ಪೆಟ್ಟಿಗೆಗೆ ತಿಳಿಯುವುದೇ ಇಲ್ಲ.

ಮೂರನೆಯದು ಪ್ರೋಗ್ರಾಂ ಮೂಲಕ ಮಾಡುವ ಬದಲಾವಣೆ. ಆಟ ನಡೆಯುತ್ತಿರುವಾಗಲೇ ಶೃಂಗಗಳನ್ನು ಬದಲಿಸಿ, ಪೆಟ್ಟಿಗೆಯನ್ನು ಮರುಗಣನೆ ಮಾಡುವ ಆದೇಶ ನೀಡದಿದ್ದರೆ ಹಳೆಯ ಅಳತೆಯೇ ಮುಂದುವರಿಯುತ್ತದೆ.

ನಾಲ್ಕನೆಯದು ಕಡತದಲ್ಲಿರುವ ತಪ್ಪು ದಾಖಲೆ. ಉದಾಹರಣೆಗೆ, ಜಿಎಲ್‌ಟಿಎಫ್ 2.0 ಎಂಬ ಜನಪ್ರಿಯ ಕಡತ ಸ್ವರೂಪದಲ್ಲಿ ಶೃಂಗಗಳ ಸ್ಥಾನದ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ನಮೂದಿಸುವುದು ಕಡ್ಡಾಯ. ಆಕೃತಿಯನ್ನು ತಿದ್ದಿದವರು ಈ ಎರಡು ಸಾಲುಗಳನ್ನು ತಿದ್ದದೆ ಬಿಟ್ಟರೆ, ಅವನ್ನು ನಂಬಿ ಪೆಟ್ಟಿಗೆ ಕಟ್ಟುವ ಎಂಜಿನ್ ಮೋಸ ಹೋಗುತ್ತದೆ.

ಐದನೆಯದು ಕೈಯಾರೆ ನೀಡಿದ ಸಣ್ಣ ಅಳತೆ. ಕೆಲವು ಆಟಗಳಲ್ಲಿ ಎಂಜಿನ್ ಪೆಟ್ಟಿಗೆಯನ್ನು ತಾನಾಗಿ ಲೆಕ್ಕ ಹಾಕುವುದಿಲ್ಲ, ಮಾದರಿಯ ಕಡತದಲ್ಲಿ ಬರೆದದ್ದನ್ನೇ ಪಾಲಿಸುತ್ತದೆ. ಬೇರೊಂದು ಮಾದರಿಯ ಕಡತವನ್ನು ನಕಲು ಮಾಡಿ ಹೊಸ ಆಕೃತಿ ಕಟ್ಟಿದಾಗ ಹಳೆಯ ಅಳತೆ ಹಾಗೆಯೇ ಉಳಿದುಬಿಡುತ್ತದೆ.

ಒಂದು ಉದಾಹರಣೆ: ಮೈನ್‌ಕ್ರಾಫ್ಟ್‌ನ ಡ್ರ್ಯಾಗನ್

ಐದನೆಯ ಕಾರಣಕ್ಕೆ ಮೈನ್‌ಕ್ರಾಫ್ಟ್ ಆಟದ ಬೆಡ್‌ರಾಕ್ ಆವೃತ್ತಿ ಸ್ಪಷ್ಟ ನಿದರ್ಶನ. ಅದರ ಜೀವಿಗಳ ಮಾದರಿ ಕಡತದಲ್ಲಿ ‘ವಿಸಿಬಲ್ ಬೌಂಡ್ಸ್ ವಿಡ್ತ್’, ‘ವಿಸಿಬಲ್ ಬೌಂಡ್ಸ್ ಹೈಟ್’ ಮತ್ತು ‘ವಿಸಿಬಲ್ ಬೌಂಡ್ಸ್ ಆಫ್‌ಸೆಟ್’ ಎಂಬ ಮೂರು ನಮೂದುಗಳಿರುತ್ತವೆ. ಅವು ಕ್ರಮವಾಗಿ ಪೆಟ್ಟಿಗೆಯ ಅಗಲ, ಎತ್ತರ ಮತ್ತು ಕೇಂದ್ರದ ಸ್ಥಾನವನ್ನು ಹೇಳುತ್ತವೆ. ಅಳತೆಯ ಮಾನ ಆಟದ ಒಂದು ಇಟ್ಟಿಗೆ, ಅಂದರೆ ಬ್ಲಾಕ್. ಮಾದರಿ ರಚಿಸುವಾಗ ಬಳಸುವ 16 ಘಟಕಗಳು ಒಂದು ಬ್ಲಾಕ್‌ಗೆ ಸಮ.

ರೆಕ್ಕೆಗಳ ತುದಿಯಿಂದ ತುದಿಗೆ 14 ಬ್ಲಾಕ್ ಅಗಲವಿರುವ ಡ್ರ್ಯಾಗನ್ ಒಂದನ್ನು ಊಹಿಸೋಣ. ಅದರ ಕಡತದಲ್ಲಿ ಅಗಲ 2 ಎಂದು ನಮೂದಾಗಿದೆ. ಆಟಗಾರ 4 ಬ್ಲಾಕ್ ದೂರದಲ್ಲಿ ನಿಂತಿದ್ದಾನೆ. ಕ್ಯಾಮೆರಾದ ಅಡ್ಡ ನೋಟದ ಕೋನ 90 ಡಿಗ್ರಿ ಎಂದಿಟ್ಟುಕೊಂಡರೆ, ಆ ದೂರದಲ್ಲಿ ನೋಟದ ಕೇಂದ್ರದಿಂದ ಎಡಕ್ಕೆ 4 ಮತ್ತು ಬಲಕ್ಕೆ 4 ಬ್ಲಾಕ್‌ಗಳಷ್ಟು ಪ್ರದೇಶ ಕಾಣುತ್ತದೆ. ಆಟಗಾರ ಪಕ್ಕಕ್ಕೆ ಸರಿದು ಬಲ ರೆಕ್ಕೆಯ ತುದಿಗೆ ಎದುರಾಗಿ ನಿಂತನೆಂದರೆ, ಡ್ರ್ಯಾಗನ್ನಿನ ದೇಹ ನೋಟದ ಕೇಂದ್ರದಿಂದ 7 ಬ್ಲಾಕ್ ಎಡಕ್ಕೆ ಇರುತ್ತದೆ. 2 ಬ್ಲಾಕ್ ಅಗಲದ ಪೆಟ್ಟಿಗೆ 6ರಿಂದ 8ರವರೆಗೆ ಹರಡಿರುತ್ತದೆ. ಪೆಟ್ಟಿಗೆಯ ಹಿಂಬದಿ 5 ಬ್ಲಾಕ್ ದೂರದಲ್ಲಿದ್ದು, ಅಲ್ಲಿಯೂ ನೋಟ 5 ಬ್ಲಾಕ್‌ಗಿಂತ ಆಚೆ ಹೋಗುವುದಿಲ್ಲ. ಹೀಗಾಗಿ ಪೆಟ್ಟಿಗೆ ಪೂರ್ತಿಯಾಗಿ ಹೊರಗೆ. ಆಟಗಾರನ ಕಣ್ಣೆದುರಿಗೆ 4 ಬ್ಲಾಕ್ ಉದ್ದದ ರೆಕ್ಕೆ ಕಾಣಬೇಕಾಗಿದ್ದರೂ ಎಂಜಿನ್ ಡ್ರ್ಯಾಗನ್ನನ್ನು ಕೈಬಿಡುತ್ತದೆ.

ಅಗಲವನ್ನು 14ಕ್ಕೆ ಏರಿಸಿದರೆ ಪೆಟ್ಟಿಗೆ ರೆಕ್ಕೆಯ ತುದಿಯವರೆಗೂ ಚಾಚುತ್ತದೆ, ದೋಷ ಇಲ್ಲವಾಗುತ್ತದೆ. ಎತ್ತರವನ್ನೂ ಹೀಗೆಯೇ ಸರಿಪಡಿಸಬೇಕು. ನೆಲದಿಂದ 4 ಬ್ಲಾಕ್ ಎತ್ತರದ ಜೀವಿಗೆ ಎತ್ತರ 4 ಎಂದೂ, ಕೇಂದ್ರವನ್ನು ನೆಲದಿಂದ 2 ಬ್ಲಾಕ್ ಮೇಲಕ್ಕೆ ಎಂದೂ ನಮೂದಿಸಬೇಕು. ಕೇಂದ್ರವನ್ನು ನೆಲದಲ್ಲೇ ಬಿಟ್ಟರೆ ಪೆಟ್ಟಿಗೆಯ ಅರ್ಧ ಭಾಗ ಮಣ್ಣಿನೊಳಗೆ ಹೂತು, ತಲೆಯ ಭಾಗ ರಕ್ಷಣೆಯಿಲ್ಲದೆ ಉಳಿಯುತ್ತದೆ.

ಡಿಕ್ಕಿ ಮತ್ತು ಹೊಡೆತಗಳಿಗೆ ಬಳಕೆಯಾಗುವ ಕೊಲಿಷನ್ ಬಾಕ್ಸ್ ಇದರಿಂದ ಬೇರೆ ಎಂಬುದು ಗಮನಾರ್ಹ. ಅದನ್ನು ಹಿಗ್ಗಿಸಿದರೆ ಜೀವಿ ಬಾಗಿಲಿನಲ್ಲಿ ಸಿಕ್ಕಿಬೀಳುತ್ತದೆಯೇ ಹೊರತು ಮಾಯವಾಗುವ ದೋಷ ಹೋಗುವುದಿಲ್ಲ.

ಲಕ್ಷಣಗಳಿಂದ ಕಾರಣವನ್ನು ಗುರುತಿಸುವುದು

ಮಾದರಿ ಮಾಯವಾಗುವ ಎಲ್ಲ ಸಂದರ್ಭಗಳಿಗೂ ಪೆಟ್ಟಿಗೆಯೇ ಕಾರಣವಲ್ಲ. ಹೇಗೆ ಮಾಯವಾಗುತ್ತದೆ ಎಂಬುದನ್ನು ತಾಳ್ಮೆಯಿಂದ ಗಮನಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ.

ಇಡೀ ಮಾದರಿ ಪರದೆಯ ಅಂಚಿಗೆ ಬಂದಾಗ ಒಮ್ಮೆಲೇ ಹೋದರೆ ಅದು ಆವರಣ ಪೆಟ್ಟಿಗೆಯ ದೋಷ. ಕೆಲವು ಮುಖಗಳು ಮಾತ್ರ ಕಾಣೆಯಾಗಿ, ಮಾದರಿಯ ಒಳಭಾಗ ಗೋಚರಿಸಿದರೆ ಅದು ಮುಖಗಳ ದಿಕ್ಕಿನ ದೋಷ. ತೀರ ಹತ್ತಿರ ಹೋದಾಗ ಕತ್ತರಿಸಿದಂತೆ ಕಂಡರೆ ಭಿನ್ನಕದ ಹತ್ತಿರದ ಸಮತಲ ಮಾದರಿಯನ್ನು ಸೀಳುತ್ತಿದೆ. ದೂರ ಹೋದಾಗ ಮಾತ್ರ ಕಾಣೆಯಾದರೆ ದೂರದ ಸಮತಲವನ್ನು ಅಥವಾ ದೂರಕ್ಕೆ ತಕ್ಕಂತೆ ಸರಳ ಆಕೃತಿಗೆ ಬದಲಾಗುವ ಎಲ್‌ಓಡಿ ವ್ಯವಸ್ಥೆಯನ್ನು ಪರಿಶೀಲಿಸಬೇಕು.

ನಿರ್ದಿಷ್ಟ ಕೋಣೆಯಲ್ಲಿ ನಿಂತಾಗ ಮಾತ್ರ ಕಾಣೆಯಾದರೆ ಅದು ಮರೆಗೆ ಸಂಬಂಧಿಸಿದ ಕಲ್ಲಿಂಗ್. 1996ರಲ್ಲಿ ಬಿಡುಗಡೆಯಾದ ಕ್ವೇಕ್ ಆಟದಲ್ಲಿ, ಯಾವ ಜಾಗದಿಂದ ಯಾವ ಜಾಗ ಕಾಣಬಹುದು ಎಂಬ ಪಟ್ಟಿಯನ್ನು ನಕ್ಷೆ ತಯಾರಿಸುವಾಗಲೇ ಲೆಕ್ಕ ಹಾಕಿ ಇಡುವ ವ್ಯವಸ್ಥೆಯಿತ್ತು. ಅಂತಹ ಎಂಜಿನ್‌ಗಳಲ್ಲಿ ಗೋಡೆಯ ಆಚೀಚೆ ಚಾಚಿಕೊಂಡ ದೊಡ್ಡ ಮಾದರಿ ಒಂದು ಬದಿಯಿಂದ ಕಾಣದೆ ಹೋಗುವ ಸಾಧ್ಯತೆಯಿದೆ. ಇನ್ನು ಗಾಜು, ಎಲೆ, ಕೂದಲಿನಂತಹ ಪಾರದರ್ಶಕ ಭಾಗಗಳು ಮಾತ್ರ ಕೋನ ಬದಲಾದಂತೆ ಒಂದರ ಹಿಂದೊಂದು ಅಳಿಸಿಹೋದರೆ, ಅವುಗಳನ್ನು ಚಿತ್ರಿಸುವ ಸರದಿಯಲ್ಲಿ ದೋಷವಿದೆ.

ಮುಖಗಳ ದಿಕ್ಕು

ಮೇಲಿನ ಪಟ್ಟಿಯಲ್ಲಿ ಆವರಣ ಪೆಟ್ಟಿಗೆಯ ನಂತರ ಹೆಚ್ಚಾಗಿ ಕಂಡುಬರುವುದು ಮುಖಗಳ ದಿಕ್ಕಿನ ದೋಷ. ಮಾದರಿಯ ಪ್ರತಿ ತ್ರಿಭುಜಕ್ಕೂ ಮುಂಬದಿ ಮತ್ತು ಹಿಂಬದಿ ಇವೆ. ಮುಚ್ಚಿದ ಆಕೃತಿಯಲ್ಲಿ ಹಿಂಬದಿ ಎಂದೂ ಕಾಣದ ಕಾರಣ ಎಂಜಿನ್ ಅದನ್ನು ಚಿತ್ರಿಸುವುದಿಲ್ಲ. ಇದಕ್ಕೆ ಬ್ಯಾಕ್‌ಫೇಸ್ ಕಲ್ಲಿಂಗ್ ಎಂದು ಹೆಸರು. ಯಾವ ಬದಿ ಮುಂದಿನದು ಎಂಬುದನ್ನು ಮೂರು ಶೃಂಗಗಳ ಅನುಕ್ರಮ ನಿರ್ಧರಿಸುತ್ತದೆ. ಓಪನ್‌ಜಿಎಲ್‌ನ ರೂಢಿಯ ಪ್ರಕಾರ ಅಪ್ರದಕ್ಷಿಣ ಕ್ರಮದಲ್ಲಿ ಕಾಣುವುದು ಮುಂಬದಿ. ಡೈರೆಕ್ಟ್‌ತ್ರೀಡಿಯ ರೂಢಿಯಲ್ಲಿ ಪ್ರದಕ್ಷಿಣ ಕ್ರಮದ್ದು ಮುಂಬದಿ. ಒಂದು ಪರಿಸರದಿಂದ ಇನ್ನೊಂದಕ್ಕೆ ಮಾದರಿಯನ್ನು ಪರಿವರ್ತಿಸುವಾಗ ಈ ಕ್ರಮ ತಲೆಕೆಳಗಾದರೆ ಹೊರಮುಖಗಳು ಮಾಯವಾಗಿ ಒಳಮುಖಗಳು ತೋರುತ್ತವೆ. ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಲು ಋಣ ಅಳತೆ ಬಳಸಿದಾಗಲೂ ಇದೇ ಪರಿಣಾಮ ಉಂಟಾಗಬಹುದು.

ಬ್ಲೆಂಡರ್‌ನಲ್ಲಿ ‘ಫೇಸ್ ಓರಿಯೆಂಟೇಷನ್’ ಎಂಬ ಹೊದಿಕೆಯನ್ನು ತೆರೆದರೆ ಹಿಂಬದಿ ತೋರುತ್ತಿರುವ ಮುಖಗಳು ಕೆಂಪಾಗಿ ಕಾಣುತ್ತವೆ. ಅಳತೆಯ ಬದಲಾವಣೆಗಳನ್ನು ಮೊದಲು ಮಾದರಿಗೆ ಅನ್ವಯಿಸಿ, ಎಲ್ಲ ಮುಖಗಳನ್ನೂ ಆಯ್ದು, ಶಿಫ್ಟ್ ಮತ್ತು ಎನ್ ಕೀಲಿಗಳನ್ನು ಒತ್ತಿದರೆ ದಿಕ್ಕುಗಳು ಹೊರಮುಖವಾಗಿ ಮರುಗಣನೆಯಾಗುತ್ತವೆ. ಬಟ್ಟೆ, ಎಲೆ, ಕಾಗದದಂತೆ ದಪ್ಪವಿಲ್ಲದ ಹಾಳೆಗಳಿಗೆ ಎರಡೂ ಬದಿಗಳು ಬೇಕಾಗುತ್ತವೆ. ಅಂತಹ ಕಡೆ ವಸ್ತುಲೇಪವನ್ನು, ಅಂದರೆ ಮೆಟೀರಿಯಲ್ಲನ್ನು, ‘ಡಬಲ್ ಸೈಡೆಡ್’ ಎಂದು ಗುರುತಿಸುವುದೇ ಸರಿಯಾದ ಪರಿಹಾರ.

ವಿವಿಧ ಎಂಜಿನ್‌ಗಳಲ್ಲಿ ಪರಿಹಾರ

ಆವರಣ ಪೆಟ್ಟಿಗೆಯನ್ನು ಸರಿಪಡಿಸುವ ಸೌಲಭ್ಯ ಎಲ್ಲ ಪ್ರಮುಖ ಎಂಜಿನ್‌ಗಳಲ್ಲೂ ಇದೆ. ಹೆಸರುಗಳು ಮಾತ್ರ ಬೇರೆ.

ಯೂನಿಟಿಯಲ್ಲಿ ಪ್ರೋಗ್ರಾಂ ಮೂಲಕ ಶೃಂಗಗಳನ್ನು ಬದಲಿಸಿದ ಬಳಿಕ ‘ರೀಕ್ಯಾಲ್ಕುಲೇಟ್ ಬೌಂಡ್ಸ್’ ಆದೇಶವನ್ನು ಕರೆಯಬೇಕು. ಮೂಳೆಗಳಿಂದ ಚಲಿಸುವ ಮಾದರಿಗಳಿಗೆ ‘ಸ್ಕಿನ್ಡ್ ಮೆಶ್ ರೆಂಡರರ್’ ಘಟಕದಲ್ಲಿ ಪೆಟ್ಟಿಗೆಯ ಅಳತೆಯನ್ನು ಕೈಯಿಂದ ಹಿಗ್ಗಿಸಬಹುದು. ಅಲ್ಲಿಯೇ ಇರುವ ‘ಅಪ್‌ಡೇಟ್ ವೆನ್ ಆಫ್‌ಸ್ಕ್ರೀನ್’ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಪೆಟ್ಟಿಗೆ ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕವಾಗುತ್ತದೆ, ಆದರೆ ಶ್ರಮ ಹೆಚ್ಚುತ್ತದೆ.

ಅನ್‌ರಿಯಲ್ ಎಂಜಿನ್‌ನಲ್ಲಿ ‘ಬೌಂಡ್ಸ್ ಸ್ಕೇಲ್’ ಎಂಬ ಗುಣಕದಿಂದ ಪೆಟ್ಟಿಗೆಯನ್ನು ಹಿಗ್ಗಿಸಬಹುದು. ಮೂಳೆಗಳುಳ್ಳ ಮಾದರಿಗಳಿಗೆ ಧನ ಮತ್ತು ಋಣ ದಿಕ್ಕುಗಳಲ್ಲಿ ಬೇರೆ ಬೇರೆಯಾಗಿ ಪೆಟ್ಟಿಗೆಯನ್ನು ವಿಸ್ತರಿಸುವ ನಮೂದುಗಳೂ ಇವೆ.

ಗೊಡೊ ಎಂಜಿನ್‌ನಲ್ಲಿ ‘ಎಕ್ಸ್‌ಟ್ರಾ ಕಲ್ ಮಾರ್ಜಿನ್’ ಪೆಟ್ಟಿಗೆಯ ಸುತ್ತ ಹೆಚ್ಚುವರಿ ಅಂಚನ್ನು ಕೊಡುತ್ತದೆ. ‘ಕಸ್ಟಮ್ ಎಎಬಿಬಿ’ ಮೂಲಕ ಪೆಟ್ಟಿಗೆಯನ್ನೇ ಹೊಸದಾಗಿ ನಮೂದಿಸಬಹುದು.

ಜಾಲತಾಣಗಳಲ್ಲಿ ಮೂರು ಆಯಾಮದ ದೃಶ್ಯ ತೋರಿಸುವ ತ್ರೀ.ಜೆಎಸ್ ಪೆಟ್ಟಿಗೆಯ ಬದಲು ಆವರಣ ಗೋಳವನ್ನು ಪರೀಕ್ಷಿಸುತ್ತದೆ. ಶೃಂಗಗಳು ಬದಲಾದಾಗ ‘ಕಂಪ್ಯೂಟ್ ಬೌಂಡಿಂಗ್ ಸ್ಪಿಯರ್’ ಆದೇಶದಿಂದ ಗೋಳವನ್ನು ಮರುಗಣನೆ ಮಾಡಬೇಕು. ಒಂದು ವಸ್ತುವಿನ ಮಟ್ಟಿಗೆ ಕಲ್ಲಿಂಗ್ ನಿಲ್ಲಿಸಲು ‘ಫ್ರಸ್ಟಮ್ ಕಲ್ಡ್’ ಎಂಬ ಗುಣವನ್ನು ನಿಷ್ಕ್ರಿಯಗೊಳಿಸಬಹುದು.

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು

ಕಲ್ಲಿಂಗ್ ಅನ್ನು ಪೂರ್ತಿ ನಿಲ್ಲಿಸಿದರೆ ಮಾದರಿ ಎಂದೂ ಮಾಯವಾಗುವುದಿಲ್ಲ. ಆದ್ದರಿಂದ ಕಾರಣ ಪೆಟ್ಟಿಗೆಯೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಇದು ಒಳ್ಳೆಯ ಉಪಾಯ. ಕಲ್ಲಿಂಗ್ ನಿಲ್ಲಿಸಿದ ಮೇಲೆ ದೋಷ ಹೋದರೆ ಕಾರಣ ಖಚಿತ. ಆದರೆ ಅದನ್ನೇ ಶಾಶ್ವತ ಪರಿಹಾರವಾಗಿ ಉಳಿಸಿಕೊಳ್ಳುವುದು ಸರಿಯಲ್ಲ. ಆಟಗಾರನ ಕೈಯಲ್ಲಿರುವ ಒಂದು ಆಯುಧಕ್ಕೆ ಹಾಗೆ ಮಾಡಿದರೆ ನಷ್ಟವಿಲ್ಲ, ಏಕೆಂದರೆ ಅದು ಸದಾ ಕಾಣುವ ವಸ್ತು. ಜಗತ್ತಿನಾದ್ಯಂತ ಹರಡಿರುವ ನೂರಾರು ಪ್ರಾಣಿಗಳಿಗೆ ಹಾಗೆ ಮಾಡಿದರೆ ಪ್ರತಿ ಚಿತ್ರದಲ್ಲಿ ಅವೆಲ್ಲವೂ ಸಂಸ್ಕರಣೆಗೆ ಸೇರಿ ಆಟ ನಿಧಾನವಾಗುತ್ತದೆ. ಅತಿ ದೊಡ್ಡ ಪೆಟ್ಟಿಗೆಯ ಪರಿಣಾಮವೂ ಇದೇ.

ಸರಿಯಾದ ಅಳತೆಯನ್ನು ಕಂಡುಕೊಳ್ಳಲು ಮಾದರಿಯ ಎಲ್ಲ ಚಲನೆಗಳನ್ನೂ ಓಡಿಸಿ ನೋಡಬೇಕು. ಪ್ರತಿ ದಿಕ್ಕಿನಲ್ಲಿಯೂ ಅದು ತಲುಪುವ ಅತ್ಯಂತ ದೂರದ ಬಿಂದುವನ್ನು ಗುರುತಿಸಿ, ಅದಕ್ಕೆ ಸ್ವಲ್ಪ ಅಂಚು ಸೇರಿಸಬೇಕು. ಅಕ್ಷಗಳಿಗೆ ಸಮಾಂತರವಾಗಿ ನಿಲ್ಲುವ ಪೆಟ್ಟಿಗೆ ಮಾದರಿಯ ಜೊತೆ ತಿರುಗದಿದ್ದರೆ, ಮಾದರಿ ಒಂದು ಸುತ್ತು ತಿರುಗಿದಾಗ ಅದರ ಉದ್ದನೆಯ ಭಾಗ ಎಲ್ಲೆಲ್ಲಿ ಹಾಯುತ್ತದೆ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅನೇಕ ಎಂಜಿನ್‌ಗಳಲ್ಲಿ ಪೆಟ್ಟಿಗೆಯನ್ನು ಗೆರೆಗಳ ರೂಪದಲ್ಲಿ ಪರದೆಯ ಮೇಲೆ ತೋರಿಸುವ ವ್ಯವಸ್ಥೆಯಿದೆ. ರೆಕ್ಕೆಯಾಗಲಿ ಬಾಲವಾಗಲಿ ಯಾವ ಕ್ಷಣದಲ್ಲಿಯೂ ಗೆರೆಗಳನ್ನು ದಾಟದಿದ್ದರೆ ಅಳತೆ ಸರಿಯಿದೆ.

ತತ್ತ್ವದ ವ್ಯಾಪ್ತಿ

ಆವರಣ ಪೆಟ್ಟಿಗೆಯ ಬಳಕೆ ಆಟಗಳಿಗೆ ಸೀಮಿತವಲ್ಲ. ಚಲನಚಿತ್ರಗಳ ಗಣಕ ದೃಶ್ಯಗಳಲ್ಲಿ ಬೆಳಕಿನ ಕಿರಣ ಯಾವ ವಸ್ತುವನ್ನು ತಾಗುತ್ತದೆ ಎಂದು ಹುಡುಕಲು ಪೆಟ್ಟಿಗೆಯೊಳಗೆ ಪೆಟ್ಟಿಗೆ ಜೋಡಿಸಿದ ಶ್ರೇಣಿಗಳನ್ನು ಬಳಸುತ್ತಾರೆ. ಇಡೀ ನಗರಗಳನ್ನು ಮೂರು ಆಯಾಮಗಳಲ್ಲಿ ತೋರಿಸುವ ನಕ್ಷೆಗಳಿಗೆ ರೂಪಿಸಲಾದ ‘ತ್ರೀಡಿ ಟೈಲ್ಸ್’ ಮಾನದಂಡವನ್ನು ಭೂದತ್ತಾಂಶ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆ ಓಜಿಸಿ 2019ರಲ್ಲಿ ಸಮುದಾಯ ಮಾನದಂಡವಾಗಿ ಅಂಗೀಕರಿಸಿತು. ಅದರಲ್ಲಿ ನಕ್ಷೆಯ ಪ್ರತಿ ತುಣುಕಿಗೂ ಒಂದು ಆವರಣವನ್ನು ನಮೂದಿಸಲೇಬೇಕು. ಯಾವ ತುಣುಕನ್ನು ಅಂತರಜಾಲದಿಂದ ತರಬೇಕು, ಯಾವುದನ್ನು ಬಿಡಬಹುದು ಎಂಬ ನಿರ್ಧಾರ ಆ ಆವರಣವನ್ನೇ ಅವಲಂಬಿಸಿದೆ. ಅಲ್ಲಿ ಅಳತೆ ತಪ್ಪಿದರೆ ಕಾಣೆಯಾಗುವುದು ಡ್ರ್ಯಾಗನ್ನಿನ ಬದಲು ಒಂದು ಬಡಾವಣೆ.

ಈ ಎಲ್ಲ ಕ್ಷೇತ್ರಗಳಿಗೂ ನಿಯಮ ಒಂದೇ. ಆವರಣ ಎಂದಿಗೂ ವಸ್ತುವಿಗಿಂತ ಚಿಕ್ಕದಾಗಿರಬಾರದು, ಅಗತ್ಯಕ್ಕಿಂತ ತುಂಬ ದೊಡ್ಡದೂ ಆಗಬಾರದು. ಮೊದಲನೆಯದನ್ನು ಮೀರಿದರೆ ಚಿತ್ರ ಕೆಡುತ್ತದೆ, ಎರಡನೆಯದನ್ನು ಮೀರಿದರೆ ವೇಗ ಕುಗ್ಗುತ್ತದೆ. ಹೊಸ ಮಾದರಿಯನ್ನು ಆಟಕ್ಕೆ ಸೇರಿಸುವವರು ಅದರ ಬಣ್ಣ ಮತ್ತು ಚಲನೆಗಳನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಪೆಟ್ಟಿಗೆಯನ್ನೂ ಪರೀಕ್ಷಿಸಿದರೆ, ಮಾದರಿ ಯಾವ ಕೋನದಿಂದ ನೋಡಿದರೂ ತನ್ನ ಸ್ಥಾನದಲ್ಲಿ ಉಳಿಯುತ್ತದೆ.